ಮಂಜ ತಿರುಗಿ ನೋಡಿದ ಭಾನುವಾರ

ಆ ಕಾಲಕ್ಕೆ ಬೀರೂರಿನಲ್ಲಿ ರೈಲು ಹಳಿಯ ಮಗ್ಗುಲಿಗೆ ಮನೆ ಮಾಡಿಕೊಂಡಿದ್ದವರಿಗೆ ಗಡಿಯಾರ ಬೇಕಿರಲಿಲ್ಲ. ಗಾಡಿ ಕಾಣುವ ಮೊದಲೇ ನೆಲ ಸಣ್ಣಗೆ ನಡುಗುತ್ತಿತ್ತು, ಸ್ಟ್ಯಾಂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಗಿಣಿಗಿಣಿ ಅನ್ನುತ್ತಿದ್ದವು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಚಳಿಗಾಲದಲ್ಲಿ ಮಫ್ಲರ್ ಸುತ್ತಿಕೊಂಡು, ಇಬ್ಬನಿಯಲ್ಲೇ ಹಳಿ ನೋಡಲು ಹೊರಡುತ್ತಿದ್ದ. ಮನೆಯಲ್ಲಿ ಉಳಿಯುತ್ತಿದ್ದವರು ಅವ್ವ, ಅಪ್ಪನ ತಾಯಿ ನಮ್ಮಜ್ಜಿ, ಒಂಬತ್ತು ವರ್ಷದ ನಾನು ಮತ್ತು ಎರಡೂವರೆ ವರ್ಷದ ನನ್ನ ತಮ್ಮ ಮಂಜ.

ಚಳಿ ಅಂದರೆ ನಮಗೆ ಅವರೆಕಾಯಿ. ಅದರ ಸೊಗಡು ಅಂಗೈಗೆ, ಲಂಗಕ್ಕೆ, ಪುಸ್ತಕಕ್ಕೆಲ್ಲಾ ಅಂಟಿರುತ್ತಿತ್ತು. ನೆನೆಸಿದ ಕಾಳನ್ನು ಬಚ್ಚಲ ಒಲೆಯ ಮುಂದೆ ಕೂತು ಹಿದುಕುವಾಗ ಮಂಜನೂ ಬಂದು ಕೂರುತ್ತಿದ್ದ. ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಚಂಗನೆ ಹಾರಿ ನನ್ನ ಮೂಗಿಗೆ ಬಡಿಯಬೇಕು, ಅದೇ ಅವನ ಆಟ. ಬಡಿದರೆ ಸಾಕು, ಬಿದ್ದೂ ಬಿದ್ದೂ ನಗುತ್ತಿದ್ದ. ನಗುವಾಗ ಮತ್ತು ಅಳುವಾಗ ಬಿಟ್ಟರೆ ಅವನ ಬಾಯಿಂದ ದನಿ ಬರುತ್ತಿರಲಿಲ್ಲ. ಒಂದು ಸಲವೂ ‘ಅವ್ವ’ ಅಂದವನಲ್ಲ.

ಅಜ್ಜಿ ಅದಕ್ಕೆ ದಿನಾ ಬೆಳಿಗ್ಗೆ ಬಜೆ ಬೇರನ್ನು ಕಲ್ಲಿನ ಮೇಲೆ ತೇದು, ಜೇನಿನಲ್ಲಿ ಕಲಸಿ ಅವನ ನಾಲಿಗೆಗೆ ತಿಕ್ಕುತ್ತಿದ್ದಳು. ನಾಲಿಗೆ ತಿರುಗಿ ಮಾತು ಬರಲಿ ಅಂತ. ಮಂಜ ಮುಖ ಕಿವುಚಿಕೊಂಡು ಅವಳ ಸೆರಗಿಗೇ ಉಗಿಯುತ್ತಿದ್ದ.

“ಇವನ ಅಪ್ಪ ಮೂರು ತುಂಬೋ ತನಕ ಬಾಯಿ ಬಿಟ್ಟಿರ್ಲಿಲ್ಲ ಕಣೇ,” ಅನ್ನುತ್ತಿದ್ದಳು ಅಜ್ಜಿ. “ಆಮೇಲೆ ಬಿಟ್ಟ ಬಾಯಿ ಇನ್ನೂ ಮುಚ್ಚಿಲ್ಲ.”

ಪಕ್ಕದ ಮನೆಯಾಕೆ ಒಮ್ಮೆ, “ಕಿವಿ ಏನಾದ್ರೂ ಮಂದ ಐತೇನೋ, ತೋರಿಸ್ಬಾರ್ದಾ?” ಅಂದಿದ್ದಕ್ಕೆ ಅಜ್ಜಿ ಮೈಮೇಲೆ ಬಂದವಳ ಹಾಗೆ ಎಗರಾಡಿದಳು. “ಬಿಡ್ತು ಅನ್ನು! ಗಾಡಿ ಬಂತು ಅಂದ್ರೆ ನಮಗಿಂತ ಮುಂಚೆ ಬಾಗ್ಲಿಗೆ ಓಡ್ತಾನೆ. ಕಿವಿ ಕೇಳ್ದೇ ಇದ್ರೆ ಓಡ್ತಾನಾ?”

ಆ ಮಾತಿಗೆ ನಮ್ಮ ಮನೆಗಳ ಸಾಲಿನಲ್ಲಿ ಯಾರೂ ಎದುರಾಡಲಿಲ್ಲ. ಓಡುತ್ತಿದ್ದದ್ದು ನಿಜ. ಆದರೆ ಅವನ ಅಂಗಾಲಿಗೆ ನೆಲದ ನಡುಕ ತಾಗುತ್ತಿತ್ತು, ಅಷ್ಟೇ. ಆ ನಡುಕ ನಮಗೆಲ್ಲಾ ಎಷ್ಟು ರೂಢಿಯಾಗಿತ್ತೆಂದರೆ, ಅದೊಂದು ಇದೆ ಅನ್ನುವುದನ್ನೇ ಮರೆತಿದ್ದೆವು. ಹಳಿಯ ಪಕ್ಕದ ದಡ್ಡರು ನಾವು.

ಸಂಕ್ರಾಂತಿಗೆ ಅವ್ವ ನಮ್ಮಿಬ್ಬರನ್ನೂ ಚೌಳಹಿರಿಯೂರಿನ ತವರಿಗೆ ಕರೆದುಕೊಂಡು ಹೋದಳು. ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹುಲ್ಲಿಗೆ ಬೆಂಕಿ ಕೊಟ್ಟು ಕಿಚ್ಚು ಹಾಯಿಸುತ್ತಿದ್ದರು. ಮಂಜ ಬಯಲಿನ ಮೆತ್ತನೆ ಮಣ್ಣಿನಲ್ಲಿ ನಮಗೆಲ್ಲಾ ಬೆನ್ನು ಹಾಕಿ ಕೂತು ಎಳ್ಳುಬೆಲ್ಲದ ಕೊಬ್ಬರಿ ಚೂರನ್ನು ಆರಿಸಿ ತಿನ್ನುತ್ತಿದ್ದ. ಒಂದು ಎತ್ತು ಬೆಂಕಿಗೆ ಬೆದರಿ, ಹಗ್ಗ ಕಿತ್ತುಕೊಂಡು ನೇರ ಅವನ ಕಡೆಗೇ ನುಗ್ಗಿತು. “ಮಂಜಾ! ಏಳೋ ಮಂಜಾ!” ಅಂತ ಊರಿಗೆ ಊರೇ ಕೂಗಿತು. ಅವನು ಕೊಬ್ಬರಿ ಆರಿಸುತ್ತಲೇ ಇದ್ದ. ಅವ್ವನ ತಮ್ಮ, ನಮ್ಮ ಮಾವ, ಓಡಿಹೋಗಿ ಅವನನ್ನು ಬಾಚಿಕೊಂಡ. ಎತ್ತು ಒಂದು ಮಾರು ದೂರದಲ್ಲಿ ಹಾದುಹೋಯಿತು.

ಮಾವ ಏದುಸಿರು ಬಿಡುತ್ತಾ ಅವ್ವನಿಗೆ ಹೇಳಿದ. “ಅಕ್ಕ, ಇಷ್ಟು ಜನ ಅರಚಿದ್ರೂ ಇವನು ತಿರುಗ್ಲಿಲ್ಲ. ಇವನಿಗೆ ಕಿವಿ ಕೇಳಲ್ಲ ಕಣಕ್ಕ.”

“ಬಾಯ್ಮುಚ್ಚೋ. ಹಬ್ಬದ ದಿನ ಅಪಶಕುನ ನುಡೀಬೇಡ.”

“ಬಯ್ಯಿ ಬೇಕಾದ್ರೆ. ತರೀಕೆರೇಲಿ ನಂಗೆ ಗೊತ್ತಿರೋ ಡಾಕ್ಟ್ರು ಇದಾರೆ. ಸೋಮವಾರ ಬತ್ತೀನಿ, ಕರ್ಕೊಂಡ್ ಹೋಗಣ. ಈಗ್ಲೇ ಗೊತ್ತಾದ್ರೆ ಇಂಥ ಮಕ್ಕಳಿಗೆ ಅಂತ ಸ್ಕೂಲ್ ಐತಂತೆ, ಹಾಸ್ಟೆಲ್ನಾಗೆ ಇಟ್ಕೊಂಡು ಎಲ್ಲಾ ಕಲಿಸ್ತಾರಂತೆ.”

ಅಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಹಾಸ್ಟೆಲ್ ಒಂದೇ. ನಮ್ಮ ಮಂಜನನ್ನು ಯಾರದೋ ಊರಲ್ಲಿ ಬಿಟ್ಟು ಬರುತ್ತಾರಾ? ರಾತ್ರಿ ಅವನು ನನ್ನ ಜಡೆ ಹಿಡಿದುಕೊಂಡೇ ನಿದ್ದೆ ಮಾಡುವವನು. ಅಲ್ಲಿ ಯಾರ ಜಡೆ ಹಿಡಿಯಬೇಕು? ಬೀರೂರಿಗೆ ವಾಪಸು ಬರುವ ಬಸ್ಸಿನಲ್ಲಿ ನಾನು ಮಾವನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ.

ಮಾವ ಹೇಳಿದ್ದು ತಿಳಿದು ಭಾನುವಾರ ಅಪ್ಪ, “ಸೋಮವಾರದವರೆಗೆ ಯಾಕೆ ಕಾಯೋದು, ನಾನೇ ನೋಡ್ತೀನಿ,” ಅಂತ ಹಿತ್ತಾಳೆ ತಟ್ಟೆ, ಸೌಟು ತಗೊಂಡ. ಅಜ್ಜಿ ಮಂಜನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ನಾನು ಅವನ ಎದುರಿಗಿದ್ದೆ, ಅಪ್ಪ ಅವನ ಬೆನ್ನ ಹಿಂದೆ. ಅವ್ವ ಒಲೆಯ ಹತ್ತಿರ ಸೌದೆ ಹಿಡಿದುಕೊಂಡು ನಿಂತೇ ಇದ್ದಳು, ಒಲೆಗೆ ಇಡುವುದನ್ನೂ ಮರೆತು.

ಮಂಜ ಯಾವಾಗಲೂ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಎತ್ತ ನೋಡಿದರೆ ಅವನೂ ಅತ್ತ. ಅದು ನನಗೆ ಗೊತ್ತಿತ್ತು. ಅಪ್ಪ ಸೌಟು ಎತ್ತಿ ಬಡಿಯುವುದಕ್ಕೂ ನಾನು ಕಣ್ಣು ಅಗಲಿಸಿ, ಗದ್ದ ಎತ್ತಿ ಅಪ್ಪನ ಕಡೆ ಸನ್ನೆ ಮಾಡುವುದಕ್ಕೂ ಸರಿಹೋಯಿತು. ಅಪ್ಪ, ಅಜ್ಜಿ ಇಬ್ಬರ ಕಣ್ಣೂ ಮಂಜನ ಮೇಲೇ ಇದ್ದವು. ಮಂಜ ಗಕ್ಕನೆ ಹಿಂದೆ ತಿರುಗಿದ. ಅಪ್ಪ ಮೂರು ಸಲ ಬಡಿದ, ಮಂಜ ಮೂರು ಸಲವೂ ತಿರುಗಿದ.

“ನೋಡ್ದ್ಯೇನೋ!” ಅಜ್ಜಿ ಅವನ ಕೆನ್ನೆಗೆ ಲೊಚಲೊಚನೆ ಮುತ್ತಿಟ್ಟಳು. “ನಿನ್ನ ಭಾಮೈದನಿಗೆ ಮಾಡಕ್ಕೆ ಕೆಲಸ ಇಲ್ಲ.” ಅಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಅವನು ಅಂಗಡಿಗೆ ಹೋಗಿ ನಮಗೆಲ್ಲಾ ಬಿಸಿ ಬೋಂಡ ತಂದ. ನಾನು ಗೆದ್ದವಳ ಹಾಗೆ ಎರಡು ಹೆಚ್ಚಿಗೆ ತಿಂದೆ. ಮರುದಿನ ಮಾವ ಬಂದಾಗ ಅಪ್ಪ ವಿಷಯ ಹೇಳಿದ. ಅವ್ವ ಇಟ್ಟ ಕಾಫಿಯನ್ನೂ ಮುಟ್ಟದೆ ಮಾವ ಎದ್ದು ಹೋದ.

ಶಿವರಾತ್ರಿ ಕಳೆಯಿತು. ಸ್ಟೇಷನ್ನಿನ ಹೊಂಗೆ ಮರಗಳು ಎಲೆ ಉದುರಿಸಿ ಚಿಗುರಿದವು. ಮಂಜನ ನಾಲಿಗೆಗೆ ಬಜೆ ತಿಕ್ಕುವುದು ನಡೆದೇ ಇತ್ತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಅಪ್ಪ ಕೆಲಸ ಮುಗಿಸಿ ಬಂದೊಡನೆ ಅವನ ಬಾಯನ್ನೇ ನೋಡುತ್ತಾ ಕೂರುತ್ತಿದ್ದ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಯುಗಾದಿಯ ಬೆಳಿಗ್ಗೆ ಅವ್ವ ಹಿತ್ತಿಲಲ್ಲಿ ಕೂತು ಬೇವಿನ ಹೂವು ಬಿಡಿಸುತ್ತಿದ್ದಳು. ಇನ್ನು ತಡೆಯಲಾರದೆ ಹೇಳಿಬಿಟ್ಟೆ.

“ಅವ್ವಾ, ಅವತ್ತು ಮಂಜನಿಗೆ ಕೇಳಿಸ್ಲಿಲ್ಲ. ನಾನು ಕಣ್ಸನ್ನೆ ಮಾಡ್ದೆ.”

ಬೆನ್ನ ಮೇಲೆ ಏಟು ಬೀಳುತ್ತದೆ ಅಂತ ಕಣ್ಣು ಮುಚ್ಚಿಕೊಂಡೆ. ಬೀಳಲಿಲ್ಲ.

“ನೋಡ್ದೆ ಕಣೇ. ಒಲೆ ಹತ್ರ ನಿಂತಿದ್ನಲ್ಲ,” ಅಂದಳು ಅವ್ವ, ತಲೆ ಎತ್ತದೆ.

“ಮತ್ಯಾಕೆ ಅಪ್ಪನಿಗೆ ಹೇಳ್ಲಿಲ್ಲ?”

“ಹೇಳಿದ್ರೆ ಕರ್ಕೊಂಡ್ ಹೋಗ್ತಾರೆ. ಇನ್ನೊಂದು ವರ್ಷ ನನ್ನ ಮಡ್ಲಲ್ಲಿ ಇರ್ಲಿ. ನೀನೂ ಬಾಯಿ ಬಿಡ್ಬೇಡ.”

ಅಯ್ಯೋ, ಆ ಒಂದು ವರ್ಷ! ಅದು ಐದು ವರ್ಷವಾಯಿತು. ಕೊನೆಗೆ ಶಾಲೆಯವರು ಸೇರಿಸಿಕೊಳ್ಳದೆ ಹೋದಾಗ, ಮಂಜನಿಗೆ ಕಿವಿ ಕೇಳುವುದಿಲ್ಲ ಅಂತ ತಿಳಿದ ಅಪ್ಪ ನಮ್ಮನ್ನೆಲ್ಲಾ ಕಟ್ಟಿಕೊಂಡು ತರೀಕೆರೆಗೂ ಅಲ್ಲಿಂದ ಶಿವಮೊಗ್ಗಕ್ಕೂ ಅಲೆದ. “ಇಷ್ಟು ತಡ ಯಾಕಮ್ಮಾ ಮಾಡಿದ್ರಿ? ಕಲಿಯೋ ವಯಸ್ಸೇ ಕಳ್ಕೊಂಡ್ರಲ್ಲ,” ಅಂದರು ಡಾಕ್ಟರು. ಅವ್ವ ನೆಲ ನೋಡಿದಳು, ನಾನು ಗೋಡೆ ನೋಡಿದೆ. ಕಿವಿಗೆ ಹಾಕಿದ ಮೆಷಿನ್ನು ಅವನಿಗೆ ಬರೀ ಗದ್ದಲ. ಕಿತ್ತು ಚರಂಡಿಗೆ ಎಸೆದ. ಹಾಸ್ಟೆಲ್ ಶಾಲೆಗೂ ಬಿಟ್ಟು ಬಂದೆವು. ಕೈಮಾತು ಕಲಿಯುವ ಮೊದಲೇ, ಅಳುತ್ತಾನೆ ಅಂತ, ಮೂರನೇ ತಿಂಗಳಿಗೆ ಅವ್ವನೇ ಹೋಗಿ ಕರೆತಂದಳು.

ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಕಳಿಸುವ ಮೊದಲೇ ಅವಳ ಕಿವಿ ಪರೀಕ್ಷೆ ಮಾಡಿದರು. ಐದು ನಿಮಿಷದ ಕೆಲಸ. “ಎಲ್ಲಾ ಸರಿ ಇದೆಯಲ್ಲಮ್ಮ, ಯಾಕೆ ಅಳ್ತೀರ?” ಅಂದಳು ನರ್ಸಮ್ಮ.

ಅಜ್ಜಿ, ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಮಂಜ ಈಗ ಕಡೂರಿನಲ್ಲಿ ನಮ್ಮ ಜೊತೆಗಿದ್ದಾನೆ, ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಹೋಗುತ್ತಾನೆ. ಊಟ, ನಿದ್ದೆ, ನೋವು, ಬಾ, ಹೋಗು, ಇಷ್ಟಕ್ಕೆ ನಮ್ಮಲ್ಲಿ ಸನ್ನೆಗಳಿವೆ. ಉಳಿದದ್ದನ್ನು ಅವ್ವ ಅವನ ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಅವ್ವನೂ ತೀರಿಕೊಂಡಳು. ಒಂದು ಸಲವೂ ‘ಅವ್ವ’ ಅಂತ ಅನ್ನಿಸಿಕೊಳ್ಳದೆ ಹೋದಳು.

ತಿಥಿ ಮುಗಿದ ಮಧ್ಯಾಹ್ನ ಮಂಜ ನನ್ನ ಎದುರಿಗೆ ಬಂದು ಕೂತ. ಅವ್ವ ಮಲಗುತ್ತಿದ್ದ ಮಂಚ ತೋರಿಸಿದ, ನನ್ನನ್ನು ತೋರಿಸಿದ, ತನ್ನ ಎದೆ ಮುಟ್ಟಿಕೊಂಡು ಎರಡೂ ಕೈ ತಿರುವಿದ. ಹಸಿವೇನೋ ಅಂತ ತಟ್ಟೆಗೆ ಬಡಿಸಿ ಇಟ್ಟೆ. ಪಕ್ಕಕ್ಕೆ ಸರಿಸಿ, ಮತ್ತೆ ಅದನ್ನೇ ಕೇಳಿದ. ನಾನು ಆಕಾಶ ತೋರಿಸಿದೆ. ಅಲ್ಲ ಅಂತ ತಲೆಯಾಡಿಸಿದ. ಅದು ಅವನಿಗೆ ಗೊತ್ತಿತ್ತು. ಮೂರನೇ ಸಲ, ದಡ್ಡ ಮಗುವಿಗೆ ಹೇಳಿಕೊಡುವ ಹಾಗೆ ನಿಧಾನವಾಗಿ ಕೈ ಆಡಿಸಿ ಕೇಳಿದ. ನನಗೆ ತಿಳಿಯಲಿಲ್ಲ, ಅಳತೊಡಗಿದೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಕೈ ಇಳಿಸಿ, ತಟ್ಟೆ ಹತ್ತಿರ ಎಳೆದುಕೊಂಡು ಉಂಡ. ಅವನು ಕೇಳಿದ್ದೇನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿಂದೀಚೆಗೆ ಅವನು ನನ್ನನ್ನು ಏನೂ ಕೇಳಿಲ್ಲ.