ಜಪಾನಿನ ಮೃಗ ಸೋಲಲಿ ಅಂತ ಹೊತ್ತ ಹರಕೆ

ಈ ಪರದೇಶದ ಏವನ್‌ಡೇಲ್ ಸಂತೆಯಲ್ಲಿ ಇವತ್ತು ದೈತ್ಯ ಮೃಗದ ಹಳೇ ರಬ್ಬರ್ ಬೊಂಬೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರ ಟೆಂಟ್ ಸಿನಿಮಾ ನೆನಪಾಯಿತು. ಜಪಾನಿನ ದೈತ್ಯ ಮೃಗದ ಮೊದಲ ಚಿತ್ರ ನೋಡಿ ಹೆದರಿ ಲಂಗವನ್ನೂ ಕೂತಿದ್ದ ಮರಳನ್ನೂ ಒದ್ದೆ ಮಾಡಿದ್ದೆ. ಟೆಂಟ್ ನಡೆಸುತ್ತಿದ್ದ ದೊಡ್ಡಪ್ಪ ಆ ಮೃಗದ ಹೊಸ ಚಿತ್ರ ತಂದಾಗಲೆಲ್ಲ ನನ್ನನ್ನು ಕಂಡು ಬಾಗಿಲಲ್ಲೇ ಕೂಗುತ್ತಿದ್ದರು: "ಬಂದ್ಳಪ್ಪ, ಮರಳು ನೆನೆಸೋಳು!"

ಈ ಮೃಗ ಮಣ್ಣುಮುಕ್ಕಲಿ ಅಂತ ಆಂಜನೇಯನಿಗೆ ಹರಕೆ ಹೊತ್ತೆ. ವರ್ಷ ವರ್ಷಕ್ಕೂ ಚಿತ್ರ ಸಪ್ಪೆಯಾಯಿತು, ಜನ ಕರಗಿದರು. ಕೊನೆಯದರಲ್ಲಂತೂ ಮೃಗ ಕುಣಿಯಿತು, ಒಳಗಿದ್ದ ಮನುಷ್ಯನ ರಬ್ಬರ್ ವೇಷದ ಬೆನ್ನೇ ಬಿಚ್ಚಿಕೊಂಡಿತ್ತು.

"ದೊಡ್ಡಪ್ಪಾ, ನಿಮ್ ಮೃಗದ ಜಿಪ್ ಬಿಚ್ಕೊಂಡದೆ!" ಅಂತ ಕೂಗಿದೆ. ಟೆಂಟೆಲ್ಲ ನಕ್ಕಿತು. ದೊಡ್ಡಪ್ಪ ತಲೆ ತಗ್ಗಿಸಿದರು. ಒಂದು ಕಾಯಿ ಅಂದುಕೊಂಡವಳು ಆಂಜನೇಯನಿಗೆ ಎರಡು ಒಡೆಸಿದೆ.

ಇದನ್ನೆಲ್ಲ ಕೇಳಿದ ನನ್ನ ಮಗಳು, "ಅಮ್ಮಾ, ದಟ್ಸ್ ಮೀನ್! ದೊಡ್ಡಪ್ಪನಿಗೆ ಹಾಗಾ ಮಾಡೋದು?" ಅಂದಳು. ಸಂಜೆ ಆಂಜನೇಯನಿಗೆ ದೀಪ ಹಚ್ಚಿ, ದೊಡ್ಡಪ್ಪನನ್ನು ನೆನೆದು ತಪ್ಪಾಯ್ತು ಅನ್ನೋಕೆ ಕೈಮುಗಿದೆ. ನಗು ತಡೆಯೋಕಾಗಲಿಲ್ಲ.