ಟೈಲರಮ್ಮನ ಭಾನುವಾರ

ಯಲಹಂಕದ ಮದುವೆಗೆ ಹೊರಟಿದ್ದೆ. ಬಸ್ ಬದಲಿಸಲು ಗಂಗಾನಗರದಲ್ಲಿ ಇಳಿಯುವಾಗ ಚಪ್ಪಲಿಗೆ ಸಿಕ್ಕಿ ಸೀರೆಯ ಫಾಲ್ಸ್ ಕಿತ್ತುಬಂತು. ಸ್ಟಾಪಿನ ಹಿಂದೆಯೇ ಟೈಲರ್ ಅಂಗಡಿ, ಅರ್ಧ ಷಟರ್ ಎಳೆದಿತ್ತು. ಚರ್ಚಿನಿಂದ ಆಗಷ್ಟೇ ಬಂದಿದ್ದ ಟೈಲರಮ್ಮ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದರು.

"ಭಾನುವಾರ ದೇವರ ದಿನ ಕಣಮ್ಮ, ನಾನು ಸೂಜಿ ಮುಟ್ಟಲ್ಲ. ಡಬ್ಬಿ ಒಳಗಿದೆ, ತಗೊಂಡು ನೀನೇ ಹೊಲ್ಕೋ" ಎಂದರು.

ಎಂಥಾ ಹಟಮಾರಿ ಹೆಂಗಸು ಅಂದುಕೊಳ್ಳುತ್ತಲೇ ಪಕ್ಕದಲ್ಲಿ ಕೂತು ಹೊಲಿಯತೊಡಗಿದೆ. ನನ್ನ ಹೊಲಿಗೆ ಸೊಟ್ಟಗಾದಾಗಲೆಲ್ಲ ಅವರ ಕೈ ತಾನಾಗಿ ಮುಂದೆ ಬರುತ್ತಿತ್ತು. ಕೊನೆಗೆ ಎರಡೂ ಕೈಗಳನ್ನು ತೊಡೆಯಡಿ ಅದುಮಿಟ್ಟುಕೊಂಡು ಕೂತರು.

ಯಲಹಂಕದ ಬಸ್ ಬಂತು. ದಾರ ಕಚ್ಚಿ ತುಂಡರಿಸಿ ಎದ್ದೆ.

"ನಾಳೆ ತಪ್ಪದೆ ಬಾಮ್ಮ," ಟೈಲರಮ್ಮ ಕೂಗಿದರು, "ಅದನ್ನ ಬಿಚ್ಚಿ ನಾನು ಹೊಲಿಯೋವರೆಗೂ ನನಗೆ ನೆಮ್ಮದಿ ಇಲ್ಲ."