ಜಪಾನಿನ ನಡುಮನೆ

ನಾನು ಕೋಡಿಂಗ್ ಮಾಡುತ್ತೇನೆ ಎಂದು ಬೆಂಗಳೂರಿನ ನೆಂಟರೆಲ್ಲ ತಿಳಿದಿದ್ದಾರೆ. ಸಾಫ್ಟ್‌ವೇರ್ ಎಂದುಕೊಂಡು ತಮ್ಮ ಮಕ್ಕಳ ಬಯೋಡೇಟಾ ಕಳಿಸುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ನಿಜವಾಗಿ ನನ್ನ ಕೆಲಸ ಇಷ್ಟೇ: ಐರ್ಲೆಂಡಿನ ಅತ್ಲೋನ್ ಎಂಬ ಊರಿನ ಒಂದು ಸಣ್ಣ ಕಚೇರಿಯಲ್ಲಿ ಕೂತು, ಎಲ್ಲೋ ಇರುವ ಜನ ಸಮೀಕ್ಷೆಗಳಿಗೆ ಬರೆದ ಉತ್ತರಗಳನ್ನು ಓದಿ, ಇದು ಸಿಟ್ಟು, ಇದು ಬೇಸರ, ಇದು ತೃಪ್ತಿ ಎಂದು ಒಂದೊಂದಕ್ಕೂ ಒಂದು ನಂಬರು ಹಚ್ಚುವುದು. ಅದಕ್ಕೇ ನಮ್ಮ ಕಸುಬಿನಲ್ಲಿ ಕೋಡಿಂಗ್ ಎನ್ನುತ್ತಾರೆ. ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅಕ್ಕಿಯಾದರೆ ಕೊನೆಗೆ ಅನ್ನವಾದರೂ ಆಗುತ್ತದೆ.

ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿರುವುದು ಜಪಾನು. ಅಲ್ಲಿಯ ಜನ ಜಪಾನಿ ಭಾಷೆಯಲ್ಲಿ ಬರೆದದ್ದು ಇಂಗ್ಲಿಷಿಗೆ ತಿರುಗಿ, ಸಮುದ್ರ ದಾಟಿ, ನನ್ನ ಮೇಜಿಗೆ ಬರುತ್ತದೆ. ಪ್ರಶ್ನೆಗಳನ್ನು ನೋಡಿದರೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯುವುದಿಲ್ಲ. ಬೆಳಿಗ್ಗೆ ಅನ್ನ ತಿನ್ನುತ್ತೀರೋ ಬ್ರೆಡ್ಡೋ? ಸ್ನಾನದ ತೊಟ್ಟಿಯಲ್ಲಿ ಎಷ್ಟು ಹೊತ್ತು ಕೂರುತ್ತೀರಿ? ಮನೆಯಲ್ಲಿ ಮೊದಲು ತೊಟ್ಟಿಗಿಳಿಯುವವರು ಯಾರು? ಕಸದ ಚೀಲ ಹೊರಗಿಡುವವರು ಯಾರು? ಅಪ್ಪನ ಬಟ್ಟೆಯ ಜೊತೆ ತನ್ನ ಬಟ್ಟೆ ಒಗೆಯಬೇಡವೆಂದು ಮಗಳು ಹೇಳಿದ್ದುಂಟೋ? ಇದನ್ನೆಲ್ಲ ಕೇಳುವವರು ಸ್ನಾನದ ಪುಡಿ ಮಾರುವವರು, ಇಲ್ಲವೇ ಸೋಪು ಮಾರುವವರು. ಮನುಷ್ಯನ ಮನಸ್ಸನ್ನು ತಿಳಿಯುವ ಆಸೆ ಜಗತ್ತಿನಲ್ಲಿ ಅವರಿಗೇ ಹೆಚ್ಚು.

ಉತ್ತರಗಳಲ್ಲೇನೂ ದೊಡ್ಡ ಗುಟ್ಟಿಲ್ಲ. ಕೆಲಸದಿಂದ ಬಂದವನೊಬ್ಬ ಕಾರು ನಿಲ್ಲಿಸಿ, ಒಳಗೆ ಹೋಗಲು ಮನಸ್ಸಿಲ್ಲದೆ ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿರುತ್ತಾನೆ. ರಜೆಯ ದಿನ ಗಂಡ ಮನೆಯಲ್ಲಿದ್ದರೆ ಮಧ್ಯಾಹ್ನಕ್ಕೂ ಬೇಯಿಸಬೇಕಲ್ಲ ಎಂದು ಹೆಂಗಸೊಬ್ಬಳು ಗೊಣಗುತ್ತಾಳೆ. ಇನ್ನೊಬ್ಬಳಿಗೆ ದಿನದಲ್ಲಿ ಸುಖವೆಂದರೆ ಎಲ್ಲರೂ ಮಲಗಿದ ಮೇಲೆ ತಿನ್ನುವ ಐಸ್‌ಕ್ರೀಮು. ಇವಿಷ್ಟನ್ನು ಒಟ್ಟುಗೂಡಿಸಿ, ಮೇಲೊಂದು ಬಣ್ಣದ ಚಿತ್ರ ಅಂಟಿಸಿ, ಜಪಾನಿಯರು ಏಕಾಂತಪ್ರಿಯರು ಎಂದು ವರದಿ ಬರೆಯುತ್ತಾರೆ. ಕಾರಿನಲ್ಲಿ ಕೂತ ಗಂಡಸು ಏಕಾಂತಪ್ರಿಯನಂತೆ! ನಮ್ಮ ಬಸವನಗುಡಿಯ ಮಾವ ದಿನವೂ ಹಾಲು ತರುವ ನೆಪದಲ್ಲಿ ಪಾರ್ಕಿನಲ್ಲಿ ಕೂರುತ್ತಿದ್ದರು, ಅವರನ್ನು ಯಾರೂ ಸಮೀಕ್ಷೆ ಮಾಡಲಿಲ್ಲ.

ಇವೆಲ್ಲ ಹಾಳಾಗಲಿ, ನನ್ನನ್ನು ನಿಜವಾಗಿ ರೇಗಿಸುವುದು ನಡುವಿನ ಚೌಕ. ಪ್ರತಿ ಪ್ರಶ್ನೆಗೂ ಐದು ಚೌಕಗಳಿರುತ್ತವೆ. ಒಂದು ತುದಿಗೆ ಖಂಡಿತ ಹೌದು, ಇನ್ನೊಂದು ತುದಿಗೆ ಖಂಡಿತ ಇಲ್ಲ, ನಟ್ಟನಡುವೆ ಹೌದೆಂದೂ ಹೇಳಲಾಗದು, ಅಲ್ಲವೆಂದೂ ಹೇಳಲಾಗದು. ಜಪಾನಿನವರು ಹಿಂಡುಹಿಂಡಾಗಿ ಬಂದು ಅಲ್ಲೇ ಕೂರುತ್ತಾರೆ. ಕೆಲಸ ಇಷ್ಟವೇ? ಹೇಳಲಾಗದು. ಸಂತೋಷವಾಗಿದ್ದೀರಾ? ಹೇಳಲಾಗದು. ಚೌಕಾಬಾರ ಆಡಿದವರಿಗೆ ಗೊತ್ತು, ನಡುವಿನ ಮನೆ ಸೇರಿದ ಕಾಯಿ ಹಣ್ಣಾಯಿತು, ಇನ್ನು ಯಾರೂ ಅದನ್ನು ಹೊಡೆಯುವಂತಿಲ್ಲ. ನಾನು ಆ ಚೌಕಕ್ಕೆ ಜಪಾನಿನ ನಡುಮನೆ ಎಂದು ಹೆಸರಿಟ್ಟೆ. ಇಡೀ ದೇಶವೇ ಚಾಪೆ ಹಾಸಿಕೊಂಡು ಅಲ್ಲಿ ಕೂತಿದೆ. ಬಾಯಿಬಿಟ್ಟು ಒಂದು ಮಾತು ಹೇಳಲಾರದವರಿಗೆ ಸಮೀಕ್ಷೆ ಯಾಕೆ ಬೇಕು ಎಂದು ನಾನು ಕಚೇರಿಯಲ್ಲಿ ಕೂಗಾಡಿದರೆ, ನಮ್ಮ ಐರಿಷ್ ಮ್ಯಾನೇಜರಮ್ಮ ‘ಗ್ರ್ಯಾಂಡ್’ ಎಂದು ಟೀ ತರಲು ಹೋಗುತ್ತಾಳೆ. ಈ ದೇಶದಲ್ಲಿ ಗ್ರ್ಯಾಂಡ್ ಎಂದರೆ ಚೆನ್ನಾಗಿದೆ, ಸಾಕು, ಬೇಡ, ಸುಮ್ಮನಿರು, ಎಲ್ಲವೂ.

ಇನ್ನು ನಮ್ಮ ಮನೆಯ ವಿಷಯ. ನನ್ನ ಗಂಡ ಡಾಕ್ಟರು. ನಮ್ಮ ಕಡೆಯ ಹೆಂಗಸರ ರೂಢಿಯಂತೆ ‘ಇವರು’ ಎಂದೇ ಬರೆಯುತ್ತೇನೆ. ಇಲ್ಲಿಗೆ ಬಂದಾಗಿನಿಂದ ಇವರಿಗೆ ವರ್ಷಕ್ಕೊಂದು ಆಸ್ಪತ್ರೆ, ನನಗೆ ವರ್ಷಕ್ಕೊಂದು ಬಾಡಿಗೆ ಮನೆ. ಕುಕ್ಕರನ್ನು ಹಳೆಯ ಸೀರೆಯಲ್ಲಿ ಸುತ್ತಿ ಎಷ್ಟು ಊರು ತಿರುಗಿದೆನೋ ನೆನಪಿಲ್ಲ. ಅತ್ಲೋನಿಗೆ ಬಂದ ಮೇಲೆ ನನಗೆ ಈ ಕೆಲಸ ಸಿಕ್ಕಿತು, ಮಗಳಿಗೆ ಶಾಲೆ ಒಗ್ಗಿತು. ಕೋಲು ಹಿಡಿದು ಚೆಂಡಿನ ಹಿಂದೆ ಓಡುವ ಕಮೋಗಿ ಎಂಬ ಇಲ್ಲಿಯ ಹುಡುಗಿಯರ ಆಟದಲ್ಲಿ ಅವಳು ಶಾಲೆಯ ತಂಡ ಸೇರಿದಳು. ಇವರಿಗೆ ಡ್ರೋಹೆಡಾಕ್ಕೆ ವರ್ಗವಾದಾಗ ನಾನು ಜಗ್ಗಲಿಲ್ಲ. ಇವರು ವಾರವಿಡೀ ಅಲ್ಲಿ, ರಜೆ ಸಿಕ್ಕಾಗ ಇಲ್ಲಿ. ನನಗೆ ಇನ್ನೊಂದು ಸಲ ಪಾತ್ರೆ ಕಟ್ಟುವ ಶಕ್ತಿ ಇರಲಿಲ್ಲ.

ಹಾಗಿರುವಾಗ ಒಂದು ಭಾನುವಾರ, ಉಪ್ಪಿಟ್ಟು ತಿನ್ನುತ್ತಾ ಇವರು ಮಾತು ತೆಗೆದರು.

‘ಆಸ್ಟ್ರೇಲಿಯಾದಲ್ಲಿ, ಪರ್ತ್‌ನಲ್ಲಿ, ಒಂದು ಪರ್ಮನೆಂಟ್ ಪೋಸ್ಟ್ ಸಿಗೋ ಹಾಗಿದೆ. ಬಿಸಿಲು, ಬೀಚು, ಎಲ್ಲಾ ಇದೆ. ಹೋಗೋಣ್ವಾ?’

‘ನೋಡೋಣ,’ ಎಂದೆ.

ಕನ್ನಡದ ಮನೆಯಲ್ಲಿ ಹುಟ್ಟಿದ ಯಾರಿಗಾದರೂ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಸಾಲ ಕೇಳಿದವರಿಗೆ, ಸಂಬಂಧ ತಂದವರಿಗೆ, ಟಿವಿ ಹಾಕು ಎನ್ನುವ ಮಕ್ಕಳಿಗೆ ನಮ್ಮಮ್ಮ ಹೇಳುತ್ತಿದ್ದುದು ಇದನ್ನೇ. ನೋಡೋಣ ಎಂದರೆ ಆಗದು ಎಂದರ್ಥ.

ಇವರು ಮಗಳ ಕಡೆ ತಿರುಗಿದರು. ‘ನೀನು ಬರ್ತೀಯಲ್ವಾ ಪುಟ್ಟಿ?’

ಅವಳು ತಟ್ಟೆಯಿಂದ ತಲೆ ಎತ್ತದೆ, ತನ್ನ ಐರಿಷ್ ರಾಗದಲ್ಲಿ, ‘ಐ ವಿಲ್, ಯಾ,’ ಎಂದಳು.

ಅಕ್ಷರಕ್ಕೆ ಅರ್ಥ ಹಚ್ಚಿದರೆ ‘ಹೂಂ, ಬರ್ತೀನಿ’ ಎಂದಾಗುತ್ತದೆ. ಆದರೆ ಇಲ್ಲಿಯವರು ಆ ರಾಗದಲ್ಲಿ ಹಾಗೆಂದರೆ ‘ಬರ್ತೀನಿ ಕಣೋ, ಕಾಯ್ತಾ ಇರು’ ಎಂದರ್ಥ. ಸತ್ತರೂ ಬರುವುದಿಲ್ಲ ಎನ್ನುವುದಕ್ಕೆ ಐರ್ಲೆಂಡಿನಲ್ಲಿ ಇದಕ್ಕಿಂತ ಖಡಕ್ಕಾದ ಮಾತಿಲ್ಲ. ಇವರು ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿಕೊಂಡರು. ಅಪ್ಪ ಕೇಳಿದ, ಅಮ್ಮ ಮಗಳು ಇಬ್ಬರೂ ಬೇಡ ಎಂದರು, ವಿಷಯ ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದೆ.

ಮುಂದಿನ ಶನಿವಾರ ಡಬ್ಲಿನ್ ಪಕ್ಕದ ಕ್ಯಾಸಲ್‌ನಾಕ್‌ನಲ್ಲಿ ಕನ್ನಡದವರೊಬ್ಬರು ಊಟಕ್ಕೆ ಕರೆದಿದ್ದರು. ಮನೆಯೊಡೆಯರು ಇವರಿಗಿಂತ ಹಿರಿಯ ಡಾಕ್ಟರು. ಅವರ ಹೆಂಡತಿ ಬಾಗಿಲಲ್ಲೇ ನನ್ನ ಮಗಳ ಗಲ್ಲ ಹಿಡಿದು ಕನ್ನಡದಲ್ಲಿ ಏನೋ ಕೇಳಿದರು, ಇವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು.

‘ಅಯ್ಯೋ ಪಾಪ, ಮಗೂಗೆ ಕನ್ನಡ ಬರಲ್ವಾ?’ ಎಂದು ಅವರು ನನ್ನನ್ನು ನೋಡಿದ ರೀತಿಗೆ, ನಾನು ಮಗುವಿಗೆ ಊಟ ಹಾಕುವುದಿಲ್ಲವೇನೋ ಅನ್ನಿಸಬೇಕು.

ಆ ಮನೆಯೊಡೆಯರು ವಾಟ್ಸಾಪಿನ ಜಪಾನ್ ಭಕ್ತರು. ಜಪಾನಿನಲ್ಲಿ ಮಕ್ಕಳೇ ಶಾಲೆ ಗುಡಿಸುತ್ತಾರೆ, ರೈಲು ಸ್ವಲ್ಪ ತಡವಾದರೂ ಕೈಮುಗಿಯುತ್ತಾರೆ ಎಂಬ ವಿಡಿಯೋಗಳನ್ನು ದಿನವೂ ಎಲ್ಲರಿಗೂ ಕಳಿಸುತ್ತಾರೆ. ಕಳಿಸುವವರು ತಾವು ಉಂಡ ತಟ್ಟೆ ಎತ್ತುವುದಿಲ್ಲ. ಬಿಸಿಬೇಳೆಬಾತಿಗೆ ತುಪ್ಪ ಸುರಿದುಕೊಳ್ಳುತ್ತಾ, ‘ಶಿಸ್ತು ಅಂದ್ರೆ ಜಪಾನು ಕಣ್ರೀ. ಸಂಸಾರದಲ್ಲೂ ಅಷ್ಟೇ. ಒಂದು ಜಗಳ ಇಲ್ಲ, ಒಂದು ಕೂಗಾಟ ಇಲ್ಲ. ಅವರನ್ನ ನೋಡಿ ಕಲೀಬೇಕು,’ ಎಂದರು.

ನನಗೆ ತಡೆಯಲಾಗಲಿಲ್ಲ. ಆ ವಾರ ನನ್ನ ಮೇಜಿಗೆ ಬಂದಿದ್ದ ಪ್ರಶ್ನೆಯನ್ನು ಅಲ್ಲೇ ಎಲ್ಲರ ಮುಂದಿಟ್ಟೆ. ಅದನ್ನು ಅಲ್ಲಿಯ ಗಂಡಹೆಂಡಿರಿಗೆ ಕೇಳುತ್ತಲೇ ಇರುತ್ತಾರೆ: ಮತ್ತೆ ಹುಟ್ಟಿದರೆ ಈಗಿನ ಸಂಗಾತಿಯನ್ನೇ ಮದುವೆಯಾಗುತ್ತೀರಾ?

‘ಉತ್ತರ ಏನು ಬಂತು?’ ಎಂದು ಮನೆಯೊಡತಿ ಕೇಳಿದರು.

‘ಗಂಡಸರು ಹೂಂ ಅಂತಾರೆ. ಹೆಂಗಸರು ಹೇಳಕ್ಕಾಗಲ್ಲ ಅಂತಾರೆ. ಜಗಳ ಇಲ್ವಲ್ಲ, ಅದಕ್ಕೆ,’ ಎಂದೆ.

ಅಲ್ಲಿ ನೆರೆದ ಗಂಡಸರೆಲ್ಲ ಎದ್ದು ನಿಂತು ಪ್ರಮಾಣ ಮಾಡುವಂತೆ ತಮ್ಮ ತಮ್ಮ ಹೆಂಡತಿಯರ ಹೆಸರು ಹೇಳಿದರು. ಹೆಂಗಸರೂ ಹೂಂ ಎಂದರು. ಹೆಸರು ಬರೆಯದೆ ಗುಟ್ಟಾಗಿ ತುಂಬುವ ಚೌಕವಲ್ಲವಲ್ಲ ಅದು, ಗಂಡಂದಿರು ಎದುರಿಗೇ ಹಪ್ಪಳ ಮುರಿಯುತ್ತಾ ಕೂತಿದ್ದರು. ಒಬ್ಬಳೇ ಒಬ್ಬಳು ನಿಜ ಹೇಳಿದಳು. ವಿಜಯಪುರದ ಕಡೆಯ ಮುಸ್ಲಿಂ ಹೆಂಗಸು, ಡಬ್ಲಿನ್‌ನಲ್ಲಿ ಐಟಿ ಕೆಲಸ. ‘ನಮ್ಮಾಗ ಮುಂದಿನ ಜನ್ಮನ ಇಲ್ರೀ. ಒಂದ ಸಲ. ಪಾರಾದ್ವಿ ನೋಡ್ರಿ,’ ಎಂದಳು. ಅವಳ ಗಂಡನೂ ನಕ್ಕ. ನನಗೆ ಅವಳನ್ನು ತಬ್ಬಿಕೊಳ್ಳುವಷ್ಟು ಪ್ರೀತಿ ಬಂತು.

ಇವರ ಸರದಿ ಬಂದಾಗ ಇವರು ಎದೆ ಮೇಲೆ ಕೈಯಿಟ್ಟು, ‘ಏಳೇಳು ಜನ್ಮಕ್ಕೂ ಇವಳೇ. ಯಾಕೆ ಗೊತ್ತಾ? ನಾನು ಪರ್ತ್‌ಗೆ ಹೋಗೋಣ ಅಂದೆ. ತಾಯಿ ಮಗಳು ಇಬ್ರೂ ಒಂದೇ ಮಾತಿಗೆ ಒಪ್ಪಿಬಿಟ್ರು!’ ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಯೊಡೆಯರು ಪಾಯಸದ ಬಟ್ಟಲು ಎತ್ತಿ ಶುಭ ಕೋರಿದರು. ನಾನು ಬಾಯಲ್ಲಿದ್ದ ತುತ್ತನ್ನು ನುಂಗಲಾರದೆ, ಉಗುಳಲಾರದೆ ಕೂತೆ. ಎದುರಿನ ಸೋಫಾದಲ್ಲಿ ಮಗಳು ಅಪ್ಪನನ್ನೇ ನೋಡುತ್ತಿದ್ದಳು, ಅವಳ ಕಣ್ಣು ತುಂಬಿತ್ತು.

ಕಾರು ಮೋಟಾರ್‌ವೇ ಹತ್ತಿತು. ಆಮೇಲೆ ಕೇಳಿದೆ.

‘ನಾನು ಯಾವಾಗ ಒಪ್ಪಿದೆ?’

‘ನೋಡೋಣ ಅಂದ್ಯಲ್ಲ!’

‘ನೋಡೋಣ ಅಂದ್ರೆ ಒಪ್ಪಿಗೆನಾ? ನೀವು ಯಾವ ದೇಶದಲ್ಲಿ ಹುಟ್ಟಿದ್ದು?’

‘ನೋಡೋಣ ಅಂದ್ರೆ ನೋಡೋಣ. ನಾನು ವಾರ ಎಲ್ಲ ನೋಡಿದೀನಿ. ಮನೆ, ಸ್ಕೂಲು, ಎಲ್ಲಾ. ಇವಳಂತೂ ಬಾಯಿಬಿಟ್ಟು ಬರ್ತೀನಿ ಅಂದ್ಲು.’

‘ಐ ವಿಲ್, ಯಾ ಅಂದ್ಲು. ಸಿಗರೇಟು ಬಿಡ್ತೀಯೇನಪ್ಪ ಅಂದ್ರೆ ನಿಮ್ಮ ಪೇಷಂಟ್‌ಗಳು ಏನಂತಾರೆ?’

ಇವರು ಮುಂದಿದ್ದ ಲಾರಿಯನ್ನು ದಾಟಿದರು. ‘ಐ ವಿಲ್, ಯಾ ಅಂತಾರೆ,’ ಎಂದರು. ‘ಸಿಗರೇಟು ಬಿಡೋಕೆ ಒಪ್ಪಿದ್ದಾರೆ ಅಂತ ನಾನು ಫೈಲ್‌ನಲ್ಲಿ ಬರೀತೀನಿ.’

‘ಬಿಟ್ಟಿದ್ದಾರಾ ಯಾರಾದ್ರೂ?’

ಇದೇ ಮನುಷ್ಯ, ವಯಸ್ಸಾದ ರೈತನೊಬ್ಬ ‘ಗ್ರ್ಯಾಂಡ್’ ಎಂದರೆ ಕೂಡಲೇ ಇಸಿಜಿ ಮಾಡಿಸುತ್ತಾರೆ. ಆ ಮಾತು ನಂಬಿದರೆ ರೋಗಿ ಕೈಬಿಟ್ಟು ಹೋಗುತ್ತಾನೆ ಎಂದು ಕಿರಿಯ ಡಾಕ್ಟರುಗಳಿಗೆ ಪಾಠ ಹೇಳುತ್ತಾರೆ. ಆಸ್ಪತ್ರೆಯಲ್ಲಿ ಅಷ್ಟು ಸೂಕ್ಷ್ಮವಾದ ಕಿವಿ ಮನೆ ಬಾಗಿಲಿಗೆ ಬಂದರೆ ಕಿವುಡಾಗುತ್ತದೆ. ಇವರ ಮೇಲೆ ನನಗೆ ಆ ಹೊತ್ತು ಬಂದ ಸಿಟ್ಟು ಇಡೀ ಜಪಾನಿನ ಮೇಲೂ ಬಂದಿರಲಿಲ್ಲ.

ಹಿಂದಿನ ಸೀಟಿನಿಂದ ಮಗಳು ಇಂಗ್ಲಿಷಿನಲ್ಲಿ ಕೇಳಿದಳು: ‘ಡ್ಯಾಡ್, ನಾಯಿ ಸಾಕೋಣ ಅಂತ ನಾನು ಕೇಳಿದಾಗೆಲ್ಲ ಅಮ್ಮ ನೋಡೋಣ ಅಂತಾಳೆ. ನಮ್ಮ ಮನೇಲಿ ನಾಯಿ ಇದ್ಯಾ?’

ಇವರು ರೇಡಿಯೋ ಹಾಕಿದರು.

ಮನೆ ತಲುಪಿದಾಗ ಸಂಜೆಯ ಬಿಸಿಲು ಇನ್ನೂ ಹಿತ್ತಲಲ್ಲಿತ್ತು. ಮಗಳು ಮೆಟ್ಟಿಲ ಮೇಲೆ ಕೂತು ತನ್ನ ಕಮೋಗಿ ಕೋಲಿಗೆ ಹೊಸ ಪಟ್ಟಿ ಸುತ್ತುತ್ತಿದ್ದಳು. ಇವರು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದರು. ಪರ್ತ್‌ನವರು ಸೋಮವಾರದೊಳಗೆ ಉತ್ತರ ಕೇಳಿದ್ದರು.

‘ಈಗ ನೇರವಾಗಿ ಹೇಳು. ಬರ್ತೀಯಾ, ಇಲ್ವಾ?’

‘ಬರಲ್ಲ.’

ಹೇಳಿದ ಮೇಲೆ ನನಗೇ ಭಯವಾಯಿತು. ನಮ್ಮ ದಾಂಪತ್ಯದಲ್ಲಿ ಇಷ್ಟು ಚಿಕ್ಕ ಮಾತನ್ನು ನಾವಿಬ್ಬರೂ ಆಡಿದ್ದೇ ಇಲ್ಲ. ಇವರ ಮುಖ ಬಾಡಿದ್ದು ಕಂಡಿತು. ಊರೂರು ಅಲೆದು ಸಾಕಾದದ್ದು ನನಗೊಬ್ಬಳಿಗೇ ಅಲ್ಲವಲ್ಲ. ಪರ್ಮನೆಂಟ್ ಎಂಬ ಪದಕ್ಕಾಗಿ ಇವರು ಎಷ್ಟು ಕಾದಿದ್ದಾರೆಂದು ನನಗೂ ಗೊತ್ತಿತ್ತು. ಇವರು ಮೆಲ್ಲಗೆ ಕೇಳಿದರು.

‘ಹಾಗಾದ್ರೆ ನಾನೊಬ್ಬನೇ ಹೋಗ್ಲಾ? ನೀವಿಬ್ರೂ ಇಲ್ಲೇ ಇರಿ. ಸ್ವಲ್ಪ ಕಾಲ ಇದ್ದು ನೋಡ್ತೀನಿ. ಬೇಡ ಅನ್ಸಿದ್ರೆ ವಾಪಸ್ ಬರ್ತೀನಿ.’

ನಾನು ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟೆ. ಡ್ರೋಹೆಡಾ ಒಂದು ರಸ್ತೆಯ ಆ ತುದಿ, ಬೇಕೆಂದಾಗ ಹೋಗಬಹುದು. ಪರ್ತ್ ಎಂದರೆ ಭೂಮಿಯ ಇನ್ನೊಂದು ಮಗ್ಗುಲು. ನನಗೆ ಈ ಮನುಷ್ಯ ಬೇಕು. ರಜೆಯ ದಿನ ಮಧ್ಯಾಹ್ನಕ್ಕೂ ಬೇಯಿಸಿ ಹಾಕುವಷ್ಟು ಬೇಕು.

‘ನಿಮ್ಮಿಷ್ಟ,’ ಎಂದೆ.

‘ಗ್ರ್ಯಾಂಡ್,’ ಎಂದು ಇವರು ನಿಟ್ಟುಸಿರು ಬಿಟ್ಟರು. ಹಿಂದೆಯೇ ಕೀಗಳ ಸದ್ದು ಕೇಳಿತು. ಪುಣ್ಯಾತ್ಮ ಪರ್ತ್‌ಗೆ ಉತ್ತರ ಬರೆಯುತ್ತಿದ್ದರು.

‘ಡ್ಯಾಡ್!’ ಮೆಟ್ಟಿಲಿನಿಂದ ಮಗಳು ಕೂಗಿದಳು. ‘ಡೋಂಟ್ ಸೆಂಡ್ ಇಟ್. ದಟ್ ಮೀನ್ಸ್ ನೋ.’

ಕೀಗಳ ಸದ್ದು ನಿಂತಿತು.

‘ಹೌದಾ?’ ಎಂದು ಇವರು ನನ್ನನ್ನು ಕೇಳಿದರು.

ನಾನು ತಿರುಗಿ ನೋಡಲಿಲ್ಲ. ಮುಖ ತೋರಿಸುವ ಹಾಗಿರಲಿಲ್ಲ.

‘ಅವಳಿಗೆ ಕನ್ನಡ ಬರುತ್ತೆ,’ ಎಂದೆ.